ಆ ದಿನ ಊರಲ್ಲಿರಬಾರದೆಂದು

ಸಿಂಹಳ ದ್ವೀಪದ ನಕ್ಷೆಯನ್ನು ನಾನು ಹೈಸ್ಕೂಲಿನ ಹುಡುಗರಿಂದ ವರ್ಷಗಟ್ಟಲೆ ಬರೆಸಿದವನು. ‘ಒಂದು ಮಾವಿನಕಾಯಿ ಬರೆಯಿರಿ, ತೊಟ್ಟು ಮೇಲಕ್ಕಿರಲಿ’ ಎಂದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಉಳಿದರ್ಧ, ಅದರ ಹೊಟ್ಟೆಯಲ್ಲಿ ಚಹಾ, ರಬ್ಬರು, ತೆಂಗು ಎಂದು ಗುರುತು ಹಾಕಿಸುವುದು. ಆ ಕಾಯಿಯ ಮೇಲೆ ಒಂದು ದಿನ ನಾನೇ ಕಾಲಿಡುತ್ತೇನೆಂದು ಎಣಿಸಿರಲಿಲ್ಲ. ಭೂಗೋಳ ಹೇಳುವ ಮೇಷ್ಟರು ಸಾಮಾನ್ಯವಾಗಿ ಕನ್ನಂಬಾಡಿ ದಾಟುವುದಿಲ್ಲ.

ಹೋಗಿ ಬಂದೆ. ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ. ಕ್ಯಾಂಡಿ ನೋಡಿದಿರಾ? ಬುದ್ಧನ ಹಲ್ಲು ನೋಡಿದಿರಾ? ಎರಡನ್ನೂ ನೋಡಲಿಲ್ಲ. ಅಶೋಕವನವನ್ನೂ ನೋಡಲಿಲ್ಲ. ನಾವು ಹೋದದ್ದು ಏನನ್ನೂ ನೋಡುವುದಕ್ಕಲ್ಲ. ಒಂದು ದಿನ ನಾವು ಮೈಸೂರಿನಲ್ಲಿ ಇರಬಾರದಿತ್ತು, ಅಷ್ಟೆ.

ಮಂಡಪಂ

ಮದರಾಸಿನಿಂದ ಹೊರಟ ರೈಲಿನಲ್ಲಿ ಕೂತು ಕೂತು ಬೆನ್ನು ಹಲಗೆಯಾಗಿತ್ತು. ಕಿಟಕಿಯಿಂದ ಬಂದ ಮರಳು ಹಲ್ಲಿನ ಸಂದಿಯಲ್ಲಿ ಕರಕರ ಎನ್ನುತ್ತಿತ್ತು. ಸಿಂಹಳಕ್ಕೆ ಹೋಗುವವರು ಮಂಡಪಂನಲ್ಲಿ ಇಳಿದು ಕ್ಯಾಂಪಿನ ಡಾಕ್ಟರಿಗೆ ತೋಳಿನ ಮೇಲಿನ ಸಿಡುಬಿನ ಚುಚ್ಚಿನ ಗುರುತು ತೋರಿಸಬೇಕು. ಬಟ್ಟೆಬರೆಯನ್ನೆಲ್ಲ ಅವರು ಒಂದು ಕೋಣೆಗೆ ಕೊಂಡೊಯ್ದು ಹಬೆಯಲ್ಲಿಟ್ಟು ವಾಪಸು ಕೊಡುತ್ತಾರೆ. ನನ್ನ ಅಕ್ಕನ ಮಡಿಸೀರೆಯೂ ಆ ಗಂಟಿನಲ್ಲಿ ಹೋಯಿತು. ಯಾರ್‍ಯಾರ ಪಂಚೆಯ ಜೊತೆಗೋ ಬೆಂದು ಬಂತು. ಅಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು ನಲ್ಲಿಯ ಹತ್ತಿರ ಒಯ್ದು ಒಗೆದು, ಹಸಿಯಾಗಿಯೇ ಉಟ್ಟಳು. ಹೊರಗೆ ಅಷ್ಟು ಬಿಸಿಲು, ಒಣಗಲು ಎಷ್ಟು ಹೊತ್ತು ಬೇಕು.

ಅಲ್ಲಿನ ಅಧಿಕಾರಿ ಯಾಕೆ ಹೋಗುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ತೀರ್ಥಯಾತ್ರೆ ಎಂದೆ. ಪ್ರಶ್ನೆಯೂ ಉತ್ತರವೂ ಅಕ್ಕನಿಗೆ ಅರ್ಥವಾಗಿರಬೇಕು, ನನ್ನ ಕಡೆ ಒಂದು ಸಲ ನೋಡಿದಳು. ನಿಜ ಹೇಳಿದ್ದರೆ ಆ ಮನುಷ್ಯ ಏನು ಬರೆದುಕೊಳ್ಳುತ್ತಿದ್ದನೋ.

ನಿಜ ಇಷ್ಟು. ಅಕ್ಕನ ಗಂಡ, ನಮ್ಮ ಭಾವ, ಅರಮನೆ ಕಚೇರಿಯಿಂದ ನಿವೃತ್ತರಾದ ಮೇಲೆ ಊರಾಚೆ ಹಿನಕಲ್ ದಾರಿಯಲ್ಲಿ ಒಂದು ತುಂಡು ಜಮೀನು ಕೊಂಡರು. ಆ ಜಮೀನಿನಲ್ಲಿ ಕೆಂಚಯ್ಯ ಎಂಬವನು ತಂದೆಯ ಕಾಲದಿಂದ ಎಮ್ಮೆ ಕಟ್ಟಿಕೊಂಡಿದ್ದ. ನಮ್ಮ ಕೃಷ್ಣಮೂರ್ತಿಪುರಂನ ಬೀದಿಗೆಲ್ಲ ಹಾಲು ಹಾಕುತ್ತಿದ್ದವನು ಅವನೇ. ಎಮ್ಮೆಯನ್ನು ಬಾಗಿಲಿಗೇ ಹೊಡೆದುಕೊಂಡು ಬಂದು, ಅಕ್ಕನ ಕಣ್ಣೆದುರಿಗೆ ಚೊಂಬಿಗೆ ಕರೆದು ಕೊಟ್ಟು ಹೋಗುತ್ತಿದ್ದ. ಭಾವ ಕೋರ್ಟಿಗೆ ಹೋಗಿ ಅವನ ಕೊಟ್ಟಿಗೆ ತೆಗೆಸಿದರು. ಭಾವ ಬಿಗಿ ಮನುಷ್ಯ, ಕೆಟ್ಟವರಲ್ಲ. ಕಾಗದ ಅವರ ಕಡೆಗಿತ್ತು. ಎಮ್ಮೆ ಕಟ್ಟಲು ಜಾಗವಿಲ್ಲದೆ ಕೆಂಚಯ್ಯ ಒಂದೊಂದಾಗಿ ಮಾರಿದ. ಕೊನೆಯ ಎಮ್ಮೆ ಮಾರಿದ ವಾರದಲ್ಲಿ ಒಂದು ಬೆಳಿಗ್ಗೆ ಮಚ್ಚು ಹಿಡಿದು ಬಂದು, ಗೇಟಿನ ಹತ್ತಿರ ಹೂ ಬಿಡಿಸುತ್ತಿದ್ದ ಭಾವನನ್ನು ಕಡಿದ. ಆಮೇಲೆ ತಾನಾಗಿಯೇ ಠಾಣೆಗೆ ನಡೆದುಕೊಂಡು ಹೋದ.

ಅವನಿಗೆ ಗಲ್ಲು ಎಂದು ತೀರ್ಪಾದ ದಿನ ನನಗೆ ಸಂತೋಷವಾಯಿತು. ಹೈಕೋರ್ಟು ಎತ್ತಿ ಹಿಡಿದಾಗಲೂ ಆಯಿತು. ಅಕ್ಕನಿಗೆ ಏನಾಯಿತೋ ತಿಳಿಯದು. ಅವಳು ಆ ವಿಷಯ ಎತ್ತುತ್ತಲೇ ಇರಲಿಲ್ಲ. ಕೆಂಚಯ್ಯನ ಹೆಂಡತಿ ಸಣ್ಣಮ್ಮ ಒಂದು ಮಧ್ಯಾಹ್ನ ನಮ್ಮ ಗೇಟಿಗೆ ಬಂದು ಸೆರಗೊಡ್ಡಿ ನಿಂತಳು.

“ಅಮ್ಮಾವ್ರೇ, ಈ ಸೆರಗಿಗೆ ಒಂದ್ ಮಾತ್ ಆಕಿ. ನೀವ್ ಏಳಿದ್ರೆ ದೊರೆಗೋಳು ಕೇಳ್ತಾರಂತೆ.”

ಅಕ್ಕ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಬಾಗಿಲು ಮುಂದಕ್ಕೆ ಮಾಡಿಕೊಂಡು ಒಳಗೆ ಹೋದಳು. ಕೆಂಚಯ್ಯನ ಕ್ಷಮಾದಾನದ ಅರ್ಜಿ ವಜಾ ಆಯಿತು. ದಿನ ಗೊತ್ತಾಯಿತು. ವಕೀಲನಾದ ನಮ್ಮ ಚಿಕ್ಕಪ್ಪನ ಮಗ ಶೀನ ಬಂದು ಹೇಳಿದ. ಬೀದಿಯವರೆಲ್ಲ ಆ ದಿನ ಅಕ್ಕನ ಮುಖ ನೋಡಲು ಒಂದಲ್ಲ ಒಂದು ನೆಪ ತೆಗೆದು ಬರುತ್ತಾರೆಂದು ನನಗೆ ಹೊಳೆಯಿತು. ಎಲ್ಲಾದರೂ ಹೋಗೋಣ ಎಂದೆ. ದೂರ ಆದರೆ ಸರಿ ಎಂದಳು. ಕೊಳಂಬಿನಲ್ಲಿ ನನ್ನ ಹಳೆಯ ಸ್ನೇಹಿತನೊಬ್ಬ ಇದ್ದ.

ಹಡಗಿನ ಮೇಲೆ

ಧನುಷ್ಕೋಡಿಯಿಂದ ತಲೈಮನ್ನಾರಿಗೆ ಹಡಗು. ದೊಡ್ಡ ಹೆಸರು, ಚಿಕ್ಕ ಸಮುದ್ರ. ರಾಮ ಕಲ್ಲು ಹಾಕಿ ದಾಟಿದ್ದನ್ನು ಕೇಳಿದವರಿಗೆ ಇದೇನು ಮಹಾ ಎನಿಸಬೇಕು. ಆದರೆ ಹಡಗು ತೂಗಲು ಶುರುವಾದ ಮೇಲೆ ಯಾರೂ ರಾಮನ ಸುದ್ದಿ ಎತ್ತಲಿಲ್ಲ.

ಪಕ್ಕದಲ್ಲಿ ತಿರುನೆಲ್ವೇಲಿಯ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಕೂತಿದ್ದ. ಅವನ ಪೇಪರಿನಲ್ಲಿ ಯಾವುದೋ ಕೊಲೆಯ ಸುದ್ದಿ ಇತ್ತು. ಸಿಂಹಳದಲ್ಲಿ ಈಗ ಗಲ್ಲು ನಿಲ್ಲಿಸಿಬಿಟ್ಟಿದ್ದಾರೆ, ಇನ್ನು ಆ ದೇಶ ಉದ್ಧಾರವಾಗುವುದಿಲ್ಲ ಎಂದು ಅವನ ಅಭಿಪ್ರಾಯ. ಗಲ್ಲನ್ನು ಜೈಲಿನ ಒಳಗೆ ಹಾಕುವುದೇ ತಪ್ಪು, ಸಂತೆ ಮೈದಾನದಲ್ಲಿ ಹಾಕಬೇಕು, ಭಯವಿಲ್ಲದೆ ಮನುಷ್ಯ ನೆಟ್ಟಗಿರುವುದಿಲ್ಲ ಎಂದ. ನೀವು ಭಯದಿಂದ ಯಾರನ್ನಾದರೂ ಕೊಲ್ಲದೆ ಬಿಟ್ಟದ್ದುಂಟೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ತನ್ನ ಪಾಲುದಾರನೊಬ್ಬನನ್ನು ಬಿಟ್ಟಿದ್ದೇನೆ ಎಂದ. ಅದು ಗಲ್ಲಿನ ಭಯವೋ, ಹೆಂಡತಿಯ ಅಣ್ಣನೆಂಬ ಭಯವೋ ಅವನಿಗೂ ಗೊತ್ತಿರಲಿಲ್ಲ.

ನನಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಕೆಂಚಯ್ಯ ನಮ್ಮ ಗೇಟಿನಲ್ಲಿ ನಿಂತಾಗ ಗಲ್ಲನ್ನು ನೆನೆದಿದ್ದನೇ ಎಂದು ಮಾತ್ರ ಯೋಚನೆ ಬಂತು. ನೆನೆದಿದ್ದರೂ ಇರಬಹುದು. ನೆನೆದೇ ಠಾಣೆಗೆ ಹೋದನೋ ಏನೋ. ಹೆದರಿಸುವುದು ಎಂದರೆ ಬದುಕಿನ ಮೇಲೆ ಆಸೆ ಉಳಿದವನನ್ನು ತಾನೇ.

ಅವನು ಏನು ಹೇಳುತ್ತಿದ್ದಾನೆ ಎಂದು ಅಕ್ಕ ಕೇಳಿದಳು. ಮೆಣಸಿನಕಾಯಿ ಧಾರಣೆ ಎಂದೆ. ಅಷ್ಟರಲ್ಲಿ ವ್ಯಾಪಾರಿ ಕಟಕಟೆ ಹಿಡಿದು ಸಮುದ್ರಕ್ಕೆ ಬಗ್ಗಿದ. ಅಕ್ಕ ತನ್ನ ಡಬ್ಬಿಯಿಂದ ನಿಂಬೆ ಉಪ್ಪಿನಕಾಯಿಯ ಒಂದು ಹೋಳು ತೆಗೆದು ಎಲೆಯ ಮೇಲಿಟ್ಟು ನನ್ನ ಕೈಯಲ್ಲಿ ಕಳಿಸಿದಳು. ಅವನು ಅದನ್ನು ಚೀಪುತ್ತಾ ದಡ ಬರುವವರೆಗೂ ಸುಮ್ಮನಿದ್ದ.

ನುಗೇಗೊಡ

ಗುಣಸೇನ ಹಿಂದೆ ಮೈಸೂರಿನಲ್ಲಿ ಮೇಷ್ಟರ ತರಬೇತಿಗೆಂದು ಬಂದು ನನ್ನ ಜೊತೆ ಓದಿದವನು. ಈಗ ಕೊಳಂಬಿನ ಪಕ್ಕದ ನುಗೇಗೊಡದಲ್ಲಿ ಶಾಲಾ ಮೇಷ್ಟರು. ಅವನ ಕನ್ನಡದಲ್ಲಿ ಉಳಿದಿದ್ದುದು ‘ಊಟ ಆಯ್ತಾ’ ಒಂದೇ. ಕೊಳಂಬಿನ ಸ್ಟೇಷನ್ನಿನಲ್ಲಿ ಬೆಳಗಿನ ಮಬ್ಬಿನಲ್ಲಿ ನಮ್ಮನ್ನು ಕಂಡವನೇ ಅದನ್ನೇ ಕೇಳಿದ. ಅಕ್ಕ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಅಲ್ಲಿನವರ ಅಂಗಳದಲ್ಲಿ ರಂಗೋಲಿ ಇಲ್ಲ. ಅದರ ಬದಲು ತೆಂಗಿನಕಡ್ಡಿ ಪೊರಕೆಯಿಂದ ಮರಳನ್ನು ಗೆರೆಗೆರೆಯಾಗಿ ಗುಡಿಸುತ್ತಾರೆ. ತುಳಿಯಲು ಮನಸ್ಸು ಬರುವುದಿಲ್ಲ. ಬಿಸಿಲಿರಲಿ ಮೋಡವಿರಲಿ ಗಂಡಸರು ಹೆಂಗಸರು ಎಲ್ಲರ ಕೈಯಲ್ಲೂ ಕೊಡೆ. ಅಡುಗೆಯಲ್ಲಿ, ಪಲ್ಯದಲ್ಲೂ ಕೂಡ, ಒಣಮೀನಿನ ಪುಡಿ. ಹಾಗಾಗಿ ಅಕ್ಕ ಹಿತ್ತಲಿನ ಬಾವಿಯ ಹತ್ತಿರ ಮೂರು ಕಲ್ಲು ಹೂಡಿ ತನ್ನ ಅನ್ನ ತಾನೇ ಬೇಯಿಸಿಕೊಂಡಳು. ನಾನು ಗುಣಸೇನನ ಜೊತೆ ಒಳಗೆ ಉಂಡೆ. ಮೀನಿನ ಪುಡಿ ಬಂದಾಗ ಕಣ್ಣು ಮುಚ್ಚಿ ನುಂಗುವುದನ್ನು ಕಲಿತೆ.

ಮನೆಯಲ್ಲಿ ಗುಣಸೇನನ ಚಿಕ್ಕಮ್ಮ ಸೋಮಾವತಿ ಇದ್ದಳು. ಅಕ್ಕನದೇ ವಯಸ್ಸು. ಬಿಳಿ ಸೀರೆ, ಬಿಳಿ ರವಿಕೆ. ಮೊದಲ ದಿನ ಇಡೀ ಬಾವಿಕಟ್ಟೆಯ ಮೇಲೆ ಕೂತು ಅಕ್ಕನ ಅಡುಗೆ ನೋಡಿದಳು. ಎರಡನೆಯ ದಿನ ತಾನೇ ಸೌದೆ ಒಡೆದು ತಂದಿಟ್ಟಳು. ಇವಳಿಗೆ ಅವಳ ಮಾತು ಬಾರದು, ಅವಳಿಗೆ ಇವಳ ಮಾತು ಬಾರದು. ಸಿಂಹಳದಿಂದ ಇಂಗ್ಲಿಷಿಗೆ ಗುಣಸೇನ, ಇಂಗ್ಲಿಷಿನಿಂದ ಕನ್ನಡಕ್ಕೆ ನಾನು. ಮಾತು ಅಕ್ಕನನ್ನು ಮುಟ್ಟುವ ಹೊತ್ತಿಗೆ ನಮ್ಮಂತೆಯೇ ದಣಿದಿರುತ್ತಿತ್ತು.

ಗುಣಸೇನನಿಗೆ ನಾವು ಬಂದ ಕಾರಣವನ್ನು ನಾನು ಮೊದಲೇ ತಿಳಿಸಿದ್ದೆ. ಅವನು ಚಿಕ್ಕಮ್ಮನಿಗೆ ಹೇಳಿದ್ದ. ಅವಳು ಅಕ್ಕನನ್ನು ಬಿಡದೆ ಸುತ್ತುತ್ತಿದ್ದುದಕ್ಕೆ ಕಾರಣ ಎರಡನೆಯ ದಿನ ಸಂಜೆ ತಿಳಿಯಿತು. ಅವಳ ಒಬ್ಬನೇ ಮಗನನ್ನು ನೆರೆಯವನು ತೆಂಗಿನ ಮರದ ಪಾಲಿನ ಜಗಳದಲ್ಲಿ ಚಾಕು ಹಾಕಿ ಕೊಂದಿದ್ದ. ಅವನಿಗೂ ಗಲ್ಲಾಗಿತ್ತು. ಅಷ್ಟರಲ್ಲಿ ಹೊಸ ಸರಕಾರ ಗಲ್ಲು ನಿಲ್ಲಿಸಿತು. ಈಗ ಅವನು ಜೈಲಿನಲ್ಲಿ ತೆಂಗಿನ ನಾರಿನ ಚಾಪೆ ನೇಯುತ್ತಿದ್ದಾನಂತೆ, ಮೈಕೈ ತುಂಬಿಕೊಂಡಿದ್ದಾನಂತೆ. ಅದನ್ನು ಹೇಳುವಾಗ ಅವಳು ತನ್ನ ಕೆನ್ನೆಯನ್ನು ಉಬ್ಬಿಸಿ ತೋರಿಸಿದಳು. ಅವನು ತಿನ್ನುವ ಒಂದೊಂದು ತುತ್ತೂ ನನ್ನ ಮಗನ ತಟ್ಟೆಯದು ಎಂದಳು.

ಗಲ್ಲು ನಿಂತದ್ದು ಒಳ್ಳೆಯದೆಂದು ಗುಣಸೇನನ ನಂಬಿಕೆ. ಬುದ್ಧನ ದೇಶದಲ್ಲಿ ಸರಕಾರ ಹಗ್ಗ ಹೊಸೆಯುವುದು ನಾಚಿಕೆಗೇಡು ಎನ್ನುತ್ತಿದ್ದ. ಗಲ್ಲು ನಿಂತ ಮೇಲೆ ಕೊಲೆ ಹೆಚ್ಚಿದೆ ಎಂದು ಒಂದು ಪತ್ರಿಕೆ, ಇಲ್ಲ ಎಂದು ಇನ್ನೊಂದು ಪತ್ರಿಕೆ ದಿನವೂ ಜಗಳವಾಡುತ್ತಿದ್ದವು. ಅವನು ಒಂದನ್ನೇ ತರಿಸುತ್ತಿದ್ದ. ಆದರೆ ಚಿಕ್ಕಮ್ಮನ ಎದುರು ಈ ಮಾತು ಆಡುತ್ತಿರಲಿಲ್ಲ. ಅವಳು ಹೊರಗೆ ಹೋದಾಗ ಮಾತ್ರ ಸ್ವರ ತಗ್ಗಿಸಿ ನನ್ನೊಡನೆ ಹೇಳುತ್ತಿದ್ದ. ಆ ಹೆಂಗಸಿನ ಎದುರು ಹೇಳಲಾಗದ ನ್ಯಾಯ ಎಂಥದು ಎಂದು ಕೇಳಬೇಕೆನಿಸಿತು. ಅತಿಥಿ ಕೇಳಬಾರದ ಪ್ರಶ್ನೆ ಅದು, ಕೇಳಲಿಲ್ಲ.

ಶಿವರಾತ್ರಿ

ಆ ದಿನ ಬಂದದ್ದು ಶಿವರಾತ್ರಿಯಂದು. ಅದು ನಮಗೆ ಮೊದಲೇ ಗೊತ್ತಿತ್ತು. ‘ಶಿವರಾತ್ರಿ ದಿನವೇ ಇಟ್ಟಿದ್ದಾರಲ್ಲೋ’ ಎಂದು ಅಕ್ಕ ಮೈಸೂರಿನಲ್ಲೇ ಹೇಳಿದ್ದಳು. ಸರಕಾರಕ್ಕೆ ಹಬ್ಬವೇನು ಹುಣ್ಣಿಮೆಯೇನು ಎಂದು ನಾನು ಅಂದಿದ್ದೆ.

ಬೆಳಕು ಹರಿಯುವ ಹೊತ್ತಿಗೆ ಅಕ್ಕ ಬಾವಿಯ ಹತ್ತಿರ ನಿಂತಿದ್ದಳು. ಆ ಹೊತ್ತಿಗೇ ಜೈಲಿನಲ್ಲಿ ಮುಗಿಯುತ್ತದೆಂದು ಶೀನ ಹೇಳಿದ್ದ. ಸೋಮಾವತಿ ನೀರು ಸೇದಿ ಸೇದಿ ಕೊಟ್ಟಳು. ಅಕ್ಕ ಉಟ್ಟ ಸೀರೆಯಲ್ಲೇ ತಲೆಗೆ ಸುರಿದುಕೊಂಡಳು. ಹಬ್ಬದ ಸ್ನಾನ ಎಂದುಕೊಂಡೆ. ಆದರೆ ಹಬ್ಬದ ಸ್ನಾನ ಹಾಗಿರುವುದಿಲ್ಲ. ಸಾವಿನ ಸುದ್ದಿ ಬಂದಾಗ ಬಚ್ಚಲಿಗೆ ಹೋಗಿ, ಯಾರೊಂದಿಗೂ ಮಾತಾಡದೆ ಸುರಿದುಕೊಳ್ಳುತ್ತಾರಲ್ಲ, ಅಂಥ ಸ್ನಾನ. ತಮ್ಮವರು ಯಾರಾದರೂ ಸತ್ತರೆ ಮಾಡುವುದು. ಕೆಂಚಯ್ಯ ನಮಗೆ ಯಾವ ಲೆಕ್ಕದಲ್ಲಿ ತಮ್ಮವನು? ನನಗೆ ಸಿಟ್ಟು ಬಂತು. ಭಾವನ ಮುಖ ಕಣ್ಣೆದುರು ಬಂತು.

ದಿನವಿಡೀ ಅಕ್ಕ ಉಪವಾಸವಿದ್ದಳು. ಹಿತ್ತಲಿನ ಬಾಳೆಗಿಡದ ಕೆಳಗೆ ಕೂತು ಜಪ ಮಾಡುತ್ತಿದ್ದಳು, ಅಥವಾ ಸುಮ್ಮನೆ ಕೂತಿದ್ದಳು. ನಾನೂ ಕಾದೆ. ಯಾವುದಕ್ಕೆ ಎಂದು ಕೇಳಿದರೆ ಹೇಳುವುದು ಕಷ್ಟ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಎರಡು ವರ್ಷದಿಂದ ನಂಬಿದ್ದೆ. ಅವನು ಹೋದ, ಇನ್ನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಕಾಫಿ ಕುಡಿದೆ. ಅಲ್ಲಿನ ಕಾಫಿ ಕಾಫಿಯಲ್ಲ. ಮಧ್ಯಾಹ್ನ ಸೆಕೆಗೆ ನಿದ್ದೆ ಬಂತು. ಎದ್ದಾಗ ಎಲ್ಲ ಇದ್ದ ಹಾಗೇ ಇತ್ತು.

ಇಳಿಹೊತ್ತಿನಲ್ಲಿ ಸೋಮಾವತಿ ನಮ್ಮನ್ನೆಲ್ಲ ಹಿತ್ತಲಿಗೆ ಕರೆದಳು. ಗುಣಸೇನನ ಮೂಲಕ, ನನ್ನ ಮೂಲಕ, ಅಕ್ಕನನ್ನು ಒಂದು ಪ್ರಶ್ನೆ ಕೇಳಿದಳು. ಅವಳಿಗೆ ಅದು ಬರಿಯ ಮಾತಲ್ಲ, ನಿಜವಾಗಿ ತಿಳಿಯಬೇಕಿತ್ತು.

“ಈಗ ಅವನು ಸತ್ತಿದ್ದಾನೆ. ನಿಮ್ಮ ಎದೆಗೆ ಈಗ ಹೇಗಿದೆ?”

ಅಕ್ಕ ಅವಳ ಕಡೆ ತಿರುಗಿ ಕೂತಳು. ಉತ್ತರ ಹುಡುಕುತ್ತಿರಲಿಲ್ಲ, ಅದು ಅವಳ ಹತ್ತಿರ ಇತ್ತು. ಆ ಹೆಂಗಸಿಗೆ ಅದನ್ನು ಹೇಗೆ ಕೊಡುವುದೆಂದು ನೋಡುತ್ತಿದ್ದಳು.

“ನಿನ್ನೆ ಹೇಗಿತ್ತೋ ಹಾಗೇ ಇದೆ ಅಂತ ಹೇಳು ಕಣೋ,” ಎಂದಳು. “ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಏನೂ ಆಗ್ಲಿಲ್ಲ.”

ನಾನು ಹೇಳಿದೆ. ಗುಣಸೇನ ಹೇಳಿದ. ಸೋಮಾವತಿ ಅಕ್ಕನನ್ನು ದಿಟ್ಟಿಸಿ ನೋಡಿ, ಇನ್ನೂ ಒಂದೇ ದಿನವಾಯಿತಲ್ಲ, ಕಾಯಬೇಕು ಎಂದು ಹೇಳಿ ಎದ್ದು ಹೋದಳು.

ಕೊಳಂಬಿನ ತಂತಿ ಕಚೇರಿ

ಮಾರನೆಯ ದಿನ ಶೀನನ ತಂತಿ ಬಂತು. ಗಲ್ಲಾಗಿರಲಿಲ್ಲ. ಶಿವರಾತ್ರಿ ಸರಕಾರಿ ರಜೆ, ರಜೆಯ ದಿನ ಗಲ್ಲು ಹಾಕುವ ಪದ್ಧತಿ ಇಲ್ಲ. ದಿನ ಇಡುವಾಗ ಯಾರೂ ಪಂಚಾಂಗ ನೋಡಿರಲಿಲ್ಲ. ನೋಡಿದ ನಮಗೂ, ವಕೀಲನಾದ ಶೀನನಿಗೂ ರಜೆಯ ವಿಚಾರ ಹೊಳೆದಿರಲಿಲ್ಲ. ಒಂದು ವಾರ ಮುಂದಕ್ಕೆ ಹಾಕಿದ್ದಾರೆ ಎಂದಿತ್ತು.

ನನಗೆ ನಗು ಬಂದಂತಾಯಿತು. ಇಷ್ಟು ದೂರ, ರೈಲು, ಹಡಗು, ಹಬೆಯಲ್ಲಿ ಬೆಂದ ಸೀರೆ, ಎಲ್ಲ ಪಟ್ಟು ಒಂದು ದಿನ ತಪ್ಪಿಸಿಕೊಂಡರೆ, ಆ ದಿನ ನಮ್ಮ ಹಿಂದೆಯೇ ನಡೆದು ಬಂದಿತ್ತು. ನಮ್ಮ ವಾಪಸು ಪ್ರಯಾಣದ ಲೆಕ್ಕ ಹಾಕಿದರೆ ಗಲ್ಲಿನ ಹಿಂದಿನ ದಿನ ಸರಿಯಾಗಿ ಮೈಸೂರಿನಲ್ಲಿ ಇಳಿಯುತ್ತಿದ್ದೆವು. ಇಲ್ಲೇ ಇನ್ನೊಂದಷ್ಟು ದಿನ ಇರೋಣ, ರಜೆ ಬೆಳೆಸಲು ಬರೆಯುತ್ತೇನೆ ಎಂದೆ.

ಅಕ್ಕ ತಂತಿಯ ವಿಷಯ ಕೇಳಿ ಬಾವಿಕಟ್ಟೆಯ ಮೇಲೆ ಕೂತಳು.

“ನಿಮ್ಮ ಭಾವ ಹೋಗೋದು ನಂಗೆ ಆವತ್ತು ಬೆಳಿಗ್ಗೆ ತನಕ ಗೊತ್ತಿರ್ಲಿಲ್ಲ ಕಣೋ. ಕುಂಕುಮ ಇಟ್ಕೊಂಡು ಹಾಲು ಕಾಯಿಸ್ತಾ ಇದ್ದೆ. ಆ ಸಣ್ಣಮ್ಮಂಗೆ ಗೊತ್ತು. ದಿನ ಇಟ್ಟು ಹೇಳಿದಾರೆ. ಕುಂಕುಮ ಇವತ್ತು ಇಟ್ಕೋಬೇಕು, ನಾಳೆ ಇಟ್ಕೋಬೇಕು, ಆ ದಿನದ ತನಕ. ಒಂದ್ಸಲ ಮುಗೀತು ಅಂದ್ಕೊಂಡಿದ್ಲು. ಈಗ ಮತ್ತೆ ಒಂದು ವಾರ.”

ನಾನು ಭಾವನ ಹೆಸರೆತ್ತಿದೆ. ಅವರಿಗೆ ನ್ಯಾಯ ಬೇಡವೇ ಎಂದೆ. ಅಕ್ಕನ ಸ್ವರ ಏರಲಿಲ್ಲ.

“ಅವನು ಸತ್ತ ಅಂತ ಅಂದ್ಕೊಂಡ ದಿನ ಒಂದನ್ನ ನೋಡಿ ಆಯ್ತಲ್ಲೋ. ಅದ್ರಲ್ಲಿ ನಿಮ್ಮ ಭಾವ ಎಲ್ಲಿದ್ರು? ತಂತಿ ಕೊಡು. ಬೇಡ ಅಂತ ನಾನು ಹೇಳ್ತಿದೀನಿ ಅಂತ ಕೊಡು.”

ಗಲ್ಲಿನ ಬಗ್ಗೆ ಓದಿದವರು ಏನೇನೋ ಬರೆದಿದ್ದಾರೆ, ಪರವಾಗಿ, ವಿರೋಧವಾಗಿ. ನಾನು ಅವನ್ನು ಓದಿದವನಲ್ಲ. ಗಲ್ಲಾದ ಮೇಲಿನ ದಿನ ಹೇಗಿರುತ್ತದೆಂದು ಗಲ್ಲಾಗುವ ಮೊದಲೇ ಕಂಡವಳು ನನಗೆ ಗೊತ್ತಿರುವಂತೆ ನಮ್ಮ ಅಕ್ಕ ಒಬ್ಬಳೇ.

ಕೊಳಂಬಿನ ತಂತಿ ಕಚೇರಿಯ ಗುಮಾಸ್ತ ತಮಿಳಿನವನು. ರಾಜ್ಯಪಾಲರಿಗೆ ಒಂದು, ರಾಷ್ಟ್ರಪತಿಗಳಿಗೆ ಒಂದು, ಶೀನನಿಗೆ ಒಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಸತ್ತವರ ಹೆಂಡತಿ ನಾನು, ಕೆಂಚಯ್ಯನನ್ನು ಗಲ್ಲಿಗೆ ಹಾಕಬೇಡಿ ಎಂದಿಷ್ಟೇ ಇತ್ತು. ಅವನು ಓದಿ, ಪೆನ್ಸಿಲ್ ತೆಗೆದು, ‘ಸತ್ತವರ’ ಎಂಬುದನ್ನು ಹೊಡೆದು ‘ಶಿಕ್ಷೆಯಾದವನ’ ಎಂದು ತಿದ್ದಿದ. ಹೆಂಡತಿ ಎಂದ ಮೇಲೆ ಅವನ ಹೆಂಡತಿಯೇ ಇರಬೇಕು, ಅವಸರದಲ್ಲಿ ತಪ್ಪು ಬರೆದಿದ್ದೀರಿ ಎಂದು ನನಗೆ ಸಮಾಧಾನ ಹೇಳಿದ. ನಾನು ಮತ್ತೆ ಹೊಡೆದು ಮೊದಲಿನ ಹಾಗೇ ಬರೆದೆ. ಅವನು ಗಾಜಿನ ಆಚೆ ಬೆಂಚಿನ ಮೇಲೆ ಕೂತಿದ್ದ ಅಕ್ಕನನ್ನು ನೋಡಿದ. ಆಮೇಲೆ ಏನೂ ಕೇಳದೆ ಮುದ್ರೆ ಒತ್ತಿದ.

ಸೋಮಾವತಿಗೆ ವಿಷಯ ತಿಳಿದದ್ದು ಅಂದು ಸಂಜೆ. ಅವಳು ಕೂಗಾಡಲಿಲ್ಲ. ಬಾವಿಯ ಹತ್ತಿರ ಬಂದು, ತಾನು ಒಡೆದು ತಂದಿದ್ದ ಸೌದೆಯನ್ನೆಲ್ಲ ಆಯ್ದುಕೊಂಡು ಒಳಗೆ ಒಯ್ದಳು. ತನಗೆ ಸಿಗದೆ ಹೋದದ್ದು ಕೈಗೆ ಬಂದವಳು ಅದನ್ನು ಚೆಲ್ಲಿದರೆ ಯಾರಿಗೆ ತಡೆದೀತು. ನಾವು ಹೊರಟ ದಿನ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಅಕ್ಕ ಮುಚ್ಚಿದ ಬಾಗಿಲಿಗೆ ಕೈ ಮುಗಿದು ಗಾಡಿ ಹತ್ತಿದಳು.

ಮೈಸೂರು

ವಾಪಸು ಬಂದ ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ಹೋಗುವಾಗ ಇದ್ದ ಸಮುದ್ರವೇ, ಅದೇ ಮರಳು. ಪ್ರತಿ ದೊಡ್ಡ ಸ್ಟೇಷನ್ನಿನಲ್ಲಿ ಇಳಿದು ಪೇಪರು ಕೊಂಡೆ. ಯಾವುದರಲ್ಲೂ ನಮ್ಮ ಸುದ್ದಿ ಇರಲಿಲ್ಲ. ಅಕ್ಕ ಪೇಪರಿನ ಕಡೆಗೆ ನೋಡದೆ ನನ್ನ ಮುಖ ನೋಡುತ್ತಿದ್ದಳು.

ಮೈಸೂರಿನ ಸ್ಟೇಷನ್ನಿಗೆ ಶೀನ ಬಂದಿದ್ದ. ಬಹಳ ಓಡಾಡಿದ್ದ ಪಾಪ. ತಂತಿ ಮುಟ್ಟಿದೆ, ಆದರೆ ಒಮ್ಮೆ ವಜಾ ಆದ ಅರ್ಜಿಯನ್ನು ಮತ್ತೆ ತೆಗೆಯಲು ಅದು ಸಾಲದು, ತಡೆಯಾಜ್ಞೆ ಬಂದಿಲ್ಲ, ನಾಳೆ ಬೆಳಿಗ್ಗೆ ಆಗಿಯೇ ಆಗುತ್ತದೆ ಎಂದ. ಕೆಂಚಯ್ಯನನ್ನು ಬೆಂಗಳೂರಿನ ಜೈಲಿನಲ್ಲಿ ಇಟ್ಟಿದ್ದರು. ಹೆಂಡತಿ ಮಕ್ಕಳು ಕೊನೆಯ ಭೇಟಿಗೆ ಹೋಗಿ ಮುಖ ನೋಡಿಕೊಂಡು ಬಂದಿದ್ದರು. ತಂತಿಯ ವಿಷಯ ಸಣ್ಣಮ್ಮನಿಗೆ ಹೇಳಿದ್ದೀಯಾ ಎಂದು ಅಕ್ಕ ಕೇಳಿದಳು. ಇಲ್ಲ, ಸುಮ್ಮನೆ ಆಸೆ ಯಾಕೆ ಹುಟ್ಟಿಸಬೇಕು ಎಂದು ಬಿಟ್ಟೆ ಎಂದ.

ಟಾಂಗಾ ಕೃಷ್ಣಮೂರ್ತಿಪುರಂಗೆ ಹೋಗಲಿಲ್ಲ. ಅಕ್ಕ ಹಿನಕಲ್ ದಾರಿ ಹಿಡಿಸಿದಳು.

ಸಣ್ಣಮ್ಮನ ಮನೆ ದಾರಿಯ ಪಕ್ಕದಲ್ಲೇ, ಹೆಂಚಿನ ಎರಡು ಅಂಕಣ. ಪಕ್ಕದಲ್ಲಿ, ಕೊಟ್ಟಿಗೆ ಇದ್ದ ಕಡೆ, ಗೂಟಗಳು ಮಾತ್ರ ಉಳಿದಿದ್ದವು. ಅವಳು ಬಾಗಿಲಲ್ಲಿ ಕೂತಿದ್ದಳು. ಟಾಂಗಾದಿಂದ ಇಳಿದವರು ಯಾರೆಂದು ತಿಳಿದ ಮೇಲೂ ಏಳಲಿಲ್ಲ. ಹಣೆಯಲ್ಲಿ ಕುಂಕುಮ ದೊಡ್ಡದಾಗಿತ್ತು. ಅಕ್ಕ ಹೋಗಿ ಅವಳ ಪಕ್ಕದಲ್ಲಿ, ಆ ಹೊಸ್ತಿಲಿನ ಮೇಲೆಯೇ ಕೂತಳು.

“ನಾನು ಬೇಡ ಅಂತ ಹೇಳಿ ಕಳಿಸಿದೆ ಕಣಮ್ಮ. ದೊಡ್ಡವರಿಗೆಲ್ಲ ತಂತಿ ಕೊಟ್ಟೆ. ಆಗ್ಲಿಲ್ಲ.”

ಸಣ್ಣಮ್ಮ ಅಕ್ಕನನ್ನು ನೋಡಿದಳು. ಅವಳಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

“ನಾನ್ ಗೇಟ್‌ತಾವ ಬಂದಾಗ್ಲೇ ಏಳಿದ್ರೆ ಆಯ್ತಿತ್ತೇನೋ ಅವ್ವಾ.”

“ಆಗ್ತಿತ್ತೇನೋ,” ಎಂದಳು ಅಕ್ಕ.

ಅಕ್ಕ ಅತ್ತಳು. ಭಾವ ಹೋದಾಗಲೂ ನಮ್ಮೆದುರು ಅತ್ತವಳಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಣ್ಣಮ್ಮ ತನಗೆ ಈಗ ಬೇಕಾದುದನ್ನು ಹೇಳಿದಳು.

“ಎಣ ಕೊಡ್ತಾರಂತೆ, ಯಾರಾದ್ರೂ ಓದ್ರೆ. ನಮ್ಮಣ್ಣದೀರು ಬರಾಕಿಲ್ಲ ಅಂದ್ಬುಟ್ರು. ಗಲ್ಲಿಗೋದೋನ್ನ ಊರೊಳಕ್ ತರ್ಬ್ಯಾಡ ಅಂದ್ರು. ಬುಟ್ಬುಟ್ರೆ ಜೈಲ್ನೋರೇ ಮಣ್ ಮಾಡ್ತಾರಂತೆ.”

“ನನ್ನ ತಮ್ಮ ಬರ್ತಾನೆ ನಿನ್ನ ಜೊತೆ,” ಎಂದಳು ಅಕ್ಕ.

ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಮೂಳೆಮೂಳೆಯೂ ನೋಯುತ್ತಿತ್ತು. ನಾಲ್ಕು ದಿನದ ಗಡ್ಡ, ಮೈಯೆಲ್ಲ ಇದ್ದಿಲ ಪುಡಿ. ಭಾವನನ್ನು ಕೊಂದವನನ್ನು ಹೊತ್ತು ತರಲು ಭಾವನ ಮೈದುನನೇ ಹೋಗುವುದನ್ನು ಬೀದಿಯವರು ಕೇಳಿದರೆ ಏನೆನ್ನುತ್ತಾರೆ ಎಂದೂ ಯೋಚನೆ ಬಂತು. ಅಷ್ಟರಲ್ಲಿ ಅಕ್ಕ ಒಳಗೆ ಹೋಗಿ ಒಲೆಯ ಮುಂದೆ ಕೂತಿದ್ದಳು. ಮಕ್ಕಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ನುಗೇಗೊಡದಲ್ಲಿ ಮೂರು ಕಲ್ಲು ಹೂಡಿದವಳು ಇಲ್ಲಿ ಅವರ ಮಡಕೆಯಲ್ಲೇ ಎಸರಿಟ್ಟಳು. ನಾವು ಬರುವವರೆಗೆ ಅವರ ಜೊತೆ ಇರುತ್ತೇನೆ ಎಂದಳು.

ಟಾಂಗಾದವನು ಇನ್ನೂ ನಿಂತಿದ್ದ. ನಾನು, ಸಣ್ಣಮ್ಮ ಹತ್ತಿ ಮತ್ತೆ ಸ್ಟೇಷನ್ನಿಗೆ ಹೊರಟೆವು.

ಬೆಂಗಳೂರು

ಜೈಲಿನ ಗೋಡೆಯ ಹೊರಗೆ ಒಂದು ಹೊಂಗೆಯ ಮರ. ಬೆಳಕು ಬರುವ ಹೊತ್ತಿಗೆ ಅದರ ಬುಡದಲ್ಲಿ ಕೂತಿದ್ದೆವು. ಬೀದಿಯಲ್ಲಿ ಸೈಕಲ್ಲಿನವರು ಓಡಾಡುತ್ತಿದ್ದರು. ಯಾವನೋ ಸೊಪ್ಪು ಕೂಗಿಕೊಂಡು ಹೋದ. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಸಂತೆ ಮೈದಾನದಲ್ಲಿ ಹಾಕಬೇಕು ಎಂದಿದ್ದ ವ್ಯಾಪಾರಿಯನ್ನು ಇಲ್ಲಿ ಕೂರಿಸಬೇಕಿತ್ತು ಎನಿಸಿತು. ಕೂರಿಸಿದ್ದರೂ ಅವನು ಏನು ಕಾಣುತ್ತಿದ್ದ, ಗೋಡೆಯನ್ನು ತಾನೇ.

ಮುಗಿದದ್ದು ನಮಗೆ ತಿಳಿದದ್ದು ದೊಡ್ಡ ಬಾಗಿಲಿನ ಸಣ್ಣ ಕಿಂಡಿ ತೆರೆದಾಗ. ಜಮಾದಾರನೊಬ್ಬ ತಲೆ ಹಾಕಿ, ಕೆಂಚಯ್ಯನ ಕಡೆಯವರು ಯಾರು ಎಂದು ಕೇಳಿದ. ಸಣ್ಣಮ್ಮ ಏಳಲು ಹೋಗಿ ಮತ್ತೆ ಕುಸಿದಳು. ನಾನು ಎದ್ದು ಹೋದೆ.

ಅವನು ನನ್ನ ಕೋಟು, ಕನ್ನಡಕ ಎಲ್ಲ ನೋಡಿದ. ನಂಬಿಕೆ ಬರಲಿಲ್ಲ.

“ನಿಮಗೆ ಏನಾಗಬೇಕು ಸ್ವಾಮಿ ಅವನು?”

ಈ ಪ್ರಶ್ನೆಗೆ ಎರಡು ವರ್ಷದಿಂದ ನನ್ನ ಹತ್ತಿರ ಒಂದು ಉತ್ತರವಿತ್ತು. ಭಾವನನ್ನು ಕೊಂದವನು ಎಂದು ಕೋರ್ಟಿನಲ್ಲಿ ಅದನ್ನೇ ಹೇಳಿದ್ದೆ.

“ನಮ್ಮೂರಿನವನು,” ಎಂದೆ.

ಅವನು ಕಿಂಡಿ ಬಾಗಿಲು ಪೂರ್ತಿ ತೆರೆದ. ಆಳುಗಳು ಕಡಿಮೆ ಇದ್ದಾರೆ, ಗಾಡಿಗೆ ಎತ್ತುವಾಗ ನೀವೂ ಒಂದು ಕೈ ಹಿಡಿಯಬೇಕಾಗುತ್ತದೆ ಎಂದ. ನಾನು ಕೋಟು ಬಿಚ್ಚಿ ಸಣ್ಣಮ್ಮನ ಕೈಗೆ ಕೊಟ್ಟು ಬಂದು, ತಲೆಯ ಕಡೆ ಹಿಡಿದೆ.